ಅಚ್ಚಿನಲ್ಲಿಲ್ಲದ ಸಸ್ಯ ಪುಸ್ತಕ ಕಡಿಮೆ ದುಡ್ಡಿಗೆ ಸಿಗತ್ತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾಡುಗಿಡ ಗುರುತಿಸೋ ಬಗ್ಗೆ ಹೋದ ಸಲ ಬರೆದಾಗ ಗ್ಯಾಂಬಲ್, ಕುಕ್ ಅನ್ನೋರು ಬರೆದ ಹಳೇ ಫ್ಲೋರಾಗಳ, ಅಂದ್ರೆ ಒಂದು ಸೀಮೆಯ ಗಿಡಗಳನ್ನೆಲ್ಲ ವಿವರಿಸೋ ಪುಸ್ತಕಗಳ, ಹೆಸರು ಬಂದಿತ್ತು. ಅದನ್ನ ಓದಿ ಬಂದಿರೋ ಪತ್ರ, ಮೆಸೇಜುಗಳಲ್ಲಿ ಹೆಚ್ಚಿನವು ಕೇಳ್ತಿರೋದು ಒಂದೇ, ಈ ಪುಸ್ತಕ ಎಲ್ಲಿ ಸಿಗತ್ತೆ, ಯಾಕೆ ಇಷ್ಟು ದುಬಾರಿ ಅಂತ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇಟ್ಟಿದ್ದೀವಿ.

ಪ್ರಶ್ನೆ: ನಾನು ಶಿರಸಿ ಕಡೆಯವನು, ಅಡಿಕೆ ತೋಟ ಇದೆ, ಬೆಟ್ಟದ ಗಿಡಗಳನ್ನ ಸರಿಯಾಗಿ ಗುರುತಿಸಬೇಕು ಅನ್ನೋ ಆಸೆ. ಗ್ಯಾಂಬಲ್ ಅವರ ಮದ್ರಾಸ್ ಪ್ರೆಸಿಡೆನ್ಸಿ ಫ್ಲೋರಾ ಮೂರು ಸಂಪುಟ ಸೇರಿ 18 ಸಾವಿರ ಅಂತ ಆನ್‌ಲೈನ್‌ನಲ್ಲಿ ಒಬ್ಬರು ಹೇಳ್ತಿದ್ದಾರೆ. ತಗೋಬಹುದಾ?

ಸದ್ಯಕ್ಕೆ ಬೇಡ ಸರ್, ತಡೀರಿ. ದುಡ್ಡಿನ ಮಾತು ಆಮೇಲೆ ನೋಡೋಣ, ನಿಮ್ಮ ಊರಿಗೆ ಮೊದಲು ಬೇಕಾಗಿರೋದು ಆ ಪುಸ್ತಕವೇ ಅಲ್ಲ. ಉತ್ತರ ಕನ್ನಡ ಜಿಲ್ಲೆ 1862ರಲ್ಲೇ ಮದ್ರಾಸಿನಿಂದ ಬೊಂಬಾಯಿ ಪ್ರೆಸಿಡೆನ್ಸಿಗೆ ಹೋಯ್ತು, ಈ ಫ್ಲೋರಾಗಳನ್ನ ಬರೆದವರು ಆಗಿನ ಆಡಳಿತದ ಗಡಿ ಇಟ್ಕೊಂಡೇ ಬರೆದಿದ್ದು. ಅಂದ್ರೆ ಶಿರಸಿ, ಯಲ್ಲಾಪುರ, ಧಾರವಾಡ, ಬೆಳಗಾವಿ, ವಿಜಯಪುರ ಕಡೆಯವರಿಗೆ ಥಿಯೋಡೋರ್ ಕುಕ್ ಬರೆದ ಬೊಂಬಾಯಿ ಪ್ರೆಸಿಡೆನ್ಸಿ ಫ್ಲೋರಾ, ಅದು ಬಂದಿದ್ದು 1901ರಿಂದ 1908ರ ಒಳಗೆ. ದಕ್ಷಿಣ ಕನ್ನಡ, ಬಳ್ಳಾರಿ, ಕೊಡಗು, ಹಳೇ ಮೈಸೂರು ಕಡೆಯವರಿಗೆ ಗ್ಯಾಂಬಲ್. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಸೀಮೆ ಆಗಿದ್ದರಿಂದ ಎರಡರಲ್ಲೂ ನೇರವಾಗಿ ಬರಲ್ಲ. ಘಟ್ಟದ ಗಿಡಗಳು ಗಡಿ ನೋಡಿ ಬೆಳೆಯಲ್ವಲ್ಲ, ಹಾಗಾಗಿ ಗ್ಯಾಂಬಲ್ ನಿಮಗೂ ಉಪಯೋಗಕ್ಕೆ ಬರತ್ತೆ, ಆದ್ರೆ ಮೊದಲು ಕುಕ್. ಮರಗಳೇ ಮುಖ್ಯ ಅಂದ್ರೆ ಟಾಲ್ಬಟ್ ಅನ್ನೋ ಅರಣ್ಯಾಧಿಕಾರಿ ಬರೆದ ಬೊಂಬಾಯಿ ಮತ್ತು ಸಿಂಧ್ ಫಾರೆಸ್ಟ್ ಫ್ಲೋರಾ ಇದೆ, 1909 ಮತ್ತು 1911ರಲ್ಲಿ ಬಂದ ಎರಡು ಸಂಪುಟ, ಚಿತ್ರಗಳೂ ಇವೆ. ನಿಮ್ಮ ಕಡೆ ಕಾಡಿನ ಮರಗಳಿಗೆ ಅದು ತುಂಬಾ ಒಳ್ಳೇದು.

ಈಗ ದುಡ್ಡಿನ ವಿಷಯ. ಕುಕ್ ತೀರಿಕೊಂಡಿದ್ದು 1910ರಲ್ಲಿ, ಪುಸ್ತಕದ ಕಾಪಿರೈಟ್ ಮುಗಿದು ಎಷ್ಟೋ ಕಾಲ ಆಯ್ತು. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ, ಇಂಟರ್ನೆಟ್ ಆರ್ಕೈವ್ ಎರಡರಲ್ಲೂ ಇಂಥ ಪುಸ್ತಕಗಳ ಪೂರ್ತಿ ಸ್ಕ್ಯಾನ್ ಫ್ರೀಯಾಗಿ ಸಿಗತ್ತೆ, ಪಿಡಿಎಫ್ ಇಳಿಸ್ಕೊಂಡು ಮೊಬೈಲ್‌ನಲ್ಲಿ ಇಟ್ಕೋಬಹುದು, ಬೆಟ್ಟದಲ್ಲಿ ನೆಟ್‌ವರ್ಕ್ ಇಲ್ದೇ ಇದ್ರೂ ತೆರೀಬಹುದು. ಮೊದಲು ಒಂದು ಮಳೆಗಾಲ ಅದರಲ್ಲೇ ಕೆಲಸ ಮಾಡಿ ನೋಡಿ. ಆಮೇಲೂ ಕಾಗದದ ಪುಸ್ತಕವೇ ಕೈಯಲ್ಲಿರಬೇಕು ಅನ್ಸಿದ್ರೆ ಮೂಲ ಆವೃತ್ತಿಯ ಆಸೆ ಬಿಟ್ಟುಬಿಡಿ, ಅದು ಅಪರೂಪದ ಪುಸ್ತಕ ಸಂಗ್ರಹಿಸೋರು ಕೊಡೋ ಬೆಲೆ. ಬೊಟಾನಿಕಲ್ ಸರ್ವೆ ಆಫ್ ಇಂಡಿಯಾ ಗ್ಯಾಂಬಲ್‌ನ 1957ರಲ್ಲಿ, ಕುಕ್‌ನ 1958ರಲ್ಲಿ ಮೂರು ಮೂರು ಸಂಪುಟವಾಗಿ ಮರುಮುದ್ರಣ ಮಾಡಿತ್ತು, ನಮ್ಮ ಕಾಲೇಜುಗಳಲ್ಲಿ ಒಂದು ತಲೆಮಾರು ಪೂರ್ತಿ ಓದಿದ್ದು ಅವನ್ನೇ. ಆಮೇಲೆ ಡೆಹ್ರಾಡೂನ್‌ನ ಪ್ರಕಾಶಕರೂ ಇಂಥ ಫ್ಲೋರಾಗಳನ್ನ ಮತ್ತೆ ಮತ್ತೆ ಅಚ್ಚು ಹಾಕಿದ್ದಾರೆ, ಬಿಷೆನ್ ಸಿಂಗ್ ಮಹೇಂದ್ರ ಪಾಲ್ ಸಿಂಗ್ ಅಂತ ಸಸ್ಯ ಪುಸ್ತಕಕ್ಕೇ ಹೆಸರಾದವರು, ಅವರಿಗೆ ನೇರವಾಗಿ ಒಂದು ಇಮೇಲ್ ಹಾಕಿ ಸ್ಟಾಕ್ ಕೇಳಿ, ಆಮೇಲೆ ಬೇರೆ ಕಡೆ ನೋಡಿ.

ಒಂದು ವಿಷಯ ನೆನಪಿಟ್ಕೊಳ್ಳಿ, ಮೂಲದ ಪುಟ ಸಂಖ್ಯೆಗೂ ಬೊಟಾನಿಕಲ್ ಸರ್ವೆಯ ಮರುಮುದ್ರಣದ್ದಕ್ಕೂ ತಾಳೆ ಆಗಲ್ಲ. ಈಚಿನ ಜಿಲ್ಲಾ ಫ್ಲೋರಾಗಳಲ್ಲಿ ಗ್ಯಾಂಬಲ್ ಅಂತ ಬರೆದು ಪಕ್ಕದಲ್ಲಿ ಎರಡು ಪುಟ ಸಂಖ್ಯೆ ಕೊಟ್ಟಿರ್ತಾರೆ ನೋಡಿ, ಒಂದು ಮೂಲದ್ದು ಇನ್ನೊಂದು ಮರುಮುದ್ರಣದ್ದು. ನಿಮ್ಮ ಹತ್ರ ಯಾವುದಿದೆ ಅಂತ ಗೊತ್ತಿದ್ರೆ ಹುಡುಕೋದು ಸಲೀಸು.

ಆನ್‌ಲೈನ್‌ನಲ್ಲಿ ಕೆಂಪು ಲೆದರ್ ಬೈಂಡು, ಬಂಗಾರದ ಅಕ್ಷರ, "1908ರ ಪುಸ್ತಕದ ಮರುಮುದ್ರಣ" ಅಂತೆಲ್ಲ ಬರತ್ತಲ್ಲ, ಅದರಲ್ಲಿ ಬಹಳಷ್ಟು ಆರ್ಡರ್ ಬಂದ ಮೇಲೆ ಪ್ರಿಂಟ್ ಹಾಕೋದು. ಅದೇ ಫ್ರೀ ಸ್ಕ್ಯಾನನ್ನೇ ಇಳಿಸಿ ಅಚ್ಚು ಹಾಕಿರ್ತಾರೆ. ಎಲ್ಲಾ ಕೆಟ್ಟದಾಗಿರತ್ತೆ ಅಂತಲ್ಲ, ಆದ್ರೆ ಮಡಚಿದ ನಕ್ಷೆ ಸ್ಕ್ಯಾನಲ್ಲೇ ಮಡಚಿಕೊಂಡಿದ್ರೆ ಪುಸ್ತಕದಲ್ಲೂ ಹಾಗೇ, ಬಣ್ಣದ ಚಿತ್ರ ಕಪ್ಪುಬಿಳುಪು, ಕೆಲವು ಸಲ ಇಂಡೆಕ್ಸೇ ಇರಲ್ಲ. ಇನ್ನೂ ಕೆಟ್ಟದು ಅಂದ್ರೆ ಪುಟದ ಚಿತ್ರ ಹಾಕದೆ ಕಂಪ್ಯೂಟರ್ ಓದಿಕೊಂಡ ಅಕ್ಷರಗಳನ್ನ ಹಾಗೇ ಸುರಿದು ಮಾಡಿದ ಪುಸ್ತಕ. ಗ್ಯಾಂಬಲ್‌ನಲ್ಲಿ ಕೀ, ಅಂದ್ರೆ ಹಂತ ಹಂತವಾಗಿ ಆಯ್ಕೆ ಮಾಡ್ತಾ ಗಿಡ ಗುರುತಿಸೋ ಪಟ್ಟಿ, ಇರೋ ಒಂದು ಪುಟ ತೆರೆದು ನೋಡಿ, ಎಲೆ ಎದುರುಬದುರು ಇದ್ರೆ ಈ ಸಾಲು, ಒಂದಾದ ಮೇಲೊಂದು ಇದ್ರೆ ಆ ಸಾಲು ಅಂತ ಒಂದೊಂದು ಹಂತಕ್ಕೂ ಸಾಲು ಸ್ವಲ್ಪ ಸ್ವಲ್ಪ ಬಲಕ್ಕೆ ಸರೀತಾ ಹೋಗಿರತ್ತೆ, ಒಂದು ಆಯ್ಕೆಯ ಜೋಡಿ ಎರಡು ಪುಟ ಆದ್ಮೇಲೆ ಸಿಗತ್ತೆ, ಅದನ್ನ ಹಿಡಿಯೋದು ಆ ಎಡಗಡೆ ಬಿಟ್ಟ ಜಾಗದ ಅಳತೆಯಿಂದಲೇ. ಕಂಪ್ಯೂಟರ್ ಅಕ್ಷರ ಓದುವಾಗ ಆ ಜಾಗ ಹೋಗಿಬಿಡತ್ತೆ, ಎಲ್ಲಾ ಸಾಲೂ ಒಂದೇ ಗೆರೆಗೆ ಬಂದು ನಿಲ್ಲತ್ತೆ, ಆಮೇಲೆ ಆ ಕೀ ಯಾರಿಗೂ ಉಪಯೋಗ ಇಲ್ಲ. ಹಾಗಾಗಿ ದುಡ್ಡು ಹಾಕೋ ಮುಂಚೆ ಮಾರೋರ ಹತ್ರ ಈ ಫೋಟೋಗಳನ್ನ ಕೇಳಿ: ಟೈಟಲ್ ಪುಟ, ಅದರ ಹಿಂಬದಿ, ಯಾವುದಾದ್ರೂ ದೊಡ್ಡ ಸಸ್ಯ ಕುಟುಂಬದ ಕೀ ಇರೋ ಪುಟ, ಇಂಡೆಕ್ಸ್‌ನ ಕೊನೇ ಪುಟ. ಕೊಡಲ್ಲ ಅಂದ್ರೆ ಅಲ್ಲಿಗೇ ಬಿಟ್ಟುಬಿಡಿ.

ಇಲ್ಲಾ ಅಂದ್ರೆ ಇನ್ನೊಂದು ದಾರಿ ಇದೆ, ನಂಗೆ ಇದೇ ಎಲ್ಲಕ್ಕಿಂತ ಇಷ್ಟ. ಕಾಪಿರೈಟ್ ಮುಗಿದ ಪುಸ್ತಕದ ಪಿಡಿಎಫ್ ತಗೊಂಡು, ನಿಮಗೆ ಬೇಕಾದ ಕುಟುಂಬಗಳ ಪುಟ ಮಾತ್ರ, ಜೊತೆಗೆ ಶುರುವಲ್ಲಿರೋ ಕುಟುಂಬಗಳ ಕೀ ಮತ್ತು ಇಂಡೆಕ್ಸ್, ಇಷ್ಟನ್ನ ಊರಿನ ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಕಡೆ ಪ್ರಿಂಟ್ ಹಾಕಿಸಿ ಗಟ್ಟಿ ಬೈಂಡ್ ಮಾಡಿಸಿ. ಅಂಚಲ್ಲಿ ಜಾಗ ಜಾಸ್ತಿ ಬಿಡಿಸಿ, ನಿಮ್ಮ ಕಡೆ ಜನ ಹೇಳೋ ಹೆಸರು, ಎಲ್ಲಿ ನೋಡಿದ್ರಿ, ಯಾವಾಗ ಹೂ ಬಿಟ್ಟಿತ್ತು ಅಂತ ಅಲ್ಲೇ ಬರೀತಾ ಹೋಗಬಹುದು, ದುಬಾರಿ ಪುಸ್ತಕ ಆದ್ರೆ ಪೆನ್ಸಿಲ್ ಇಡೋಕೂ ಮನಸ್ಸು ಬರಲ್ಲ.

ಹೆಸರು ಹಳೇದು ಅಂತ ಹೆದರಬೇಡಿ. ಹಳೇ ಪುಸ್ತಕದಲ್ಲಿ ನೇರಳೆ ಯುಜೀನಿಯಾ ಜಂಬೋಲಾನಾ, ಈಗ ಸಿಜಿಜಿಯಂ ಕ್ಯುಮಿನಿ. ಕರಿಜಾಲಿ ಆಗ ಅಕೇಶಿಯಾ ಅರಾಬಿಕಾ, ಈಗ ವಾಚೆಲಿಯಾ ನಿಲೋಟಿಕಾ. ಕ್ಯೂ ಗಾರ್ಡನ್ಸ್‌ನವರ ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್‌ನಲ್ಲಿ ಹಳೇ ಹೆಸರು ಟೈಪ್ ಮಾಡಿದ್ರೆ ಹೊಸದು ಬರತ್ತೆ.

ಪ್ರಶ್ನೆ: ಎಂಎಸ್ಸಿ ವಿದ್ಯಾರ್ಥಿನಿ, ಧಾರವಾಡ. ಜರೀಗಿಡಗಳ ಮೇಲೆ ಪ್ರಾಜೆಕ್ಟ್ ಮಾಡ್ತಿದ್ದೀನಿ. ಬೆಡ್ಡೋಮ್ ಪುಸ್ತಕ ಎಲ್ಲೂ ಸಿಗ್ತಿಲ್ಲ, ಸ್ಕ್ಯಾನ್ ಸಾಕಾ?

ಸಾಕಮ್ಮ, ಧೈರ್ಯವಾಗಿ ಶುರು ಮಾಡಿ. ದಕ್ಷಿಣ ಭಾರತದ ಜರೀಗಿಡಗಳ ಬಗ್ಗೆ ಬೆಡ್ಡೋಮ್ 1863-64ರಲ್ಲಿ ತಂದ ಪುಸ್ತಕವೂ, 1883ರ ಹ್ಯಾಂಡ್‌ಬುಕ್ಕೂ ಸ್ಕ್ಯಾನ್ ಆಗಿವೆ. ಅದರ ಚಿತ್ರಗಳು ಗೆರೆಚಿತ್ರ, ಹಾಗಾಗಿ ಕಪ್ಪುಬಿಳುಪು ಪ್ರಿಂಟ್‌ನಲ್ಲಿ ಏನೂ ಕಳ್ಕೊಳ್ಳಲ್ಲ. ಪೂರ್ತಿ ಪಿಡಿಎಫ್‌ನಲ್ಲಿ ಚಿತ್ರ ಕುಗ್ಗಿಸಿರ್ತಾರೆ, ಎಲೆಯ ಬೆನ್ನ ಮೇಲಿನ ಬೀಜಕದ ಗುಂಪುಗಳು ಚುಕ್ಕಿ ಚುಕ್ಕಿ ಆಗಿ ಕಾಣತ್ತೆ, ಅದಕ್ಕೆ ನಿಮಗೆ ಬೇಕಾದ ಪ್ಲೇಟುಗಳನ್ನ, ಅಂದ್ರೆ ಚಿತ್ರದ ಪುಟಗಳನ್ನ, ಮಾತ್ರ ಒಂದೊಂದೇ ಪುಟವಾಗಿ ದೊಡ್ಡ ಸೈಜಲ್ಲಿ ಇಳಿಸ್ಕೊಳ್ಳಿ.

ಇದೇ ಕೆಲಸ ರಾಬರ್ಟ್ ವೈಟ್ ಅವರ ಐಕೋನ್ಸ್ ಪುಸ್ತಕಕ್ಕೂ ಮಾಡಬಹುದು. 1838ರಿಂದ 1853ರ ತನಕ ಬಂದ ಆರು ಸಂಪುಟ, ಎರಡು ಸಾವಿರಕ್ಕೂ ಮೇಲೆ ಪ್ಲೇಟುಗಳು. ವೈಟ್‌ಗೋಸ್ಕರ ಗಿಡಗಳ ಚಿತ್ರ ಬರೆದವರು ರಂಗಯ್ಯ, ಗೋವಿಂದು ಅನ್ನೋ ನಮ್ಮ ದಕ್ಷಿಣದ ಕಲಾವಿದರು. ಪ್ರಾಜೆಕ್ಟ್‌ನಲ್ಲಿ ಆ ಚಿತ್ರ ಬಳಸಿದ್ರೆ ವೈಟ್ ಹೆಸರಿನ ಜೊತೆ ಅವರ ಹೆಸರೂ ಹಾಕಿ, ದಯವಿಟ್ಟು.

ಪ್ರಶ್ನೆ: ಸಲ್ಡಾನಾ ಅವರ ಹಾಸನ ಜಿಲ್ಲೆ ಫ್ಲೋರಾ ಪೂರ್ತಿ ಜೆರಾಕ್ಸ್ ಮಾಡಿಸ್ಕೋಬಹುದಾ? ಅಂಗಡಿಯಲ್ಲಿ ಎಲ್ಲೂ ಇಲ್ಲ. (ಸಕಲೇಶಪುರದ ಕಾಫಿ ಬೆಳೆಗಾರರು)

ಇದು ಬೇರೆ ತರಹದ ಕೇಸು. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್ ಇರತ್ತೆ. ಗ್ಯಾಂಬಲ್ 1925ರಲ್ಲಿ ಹೋದ್ರು, ಉಳಿದ ಭಾಗಗಳನ್ನ ಫಿಷರ್ 1936ಕ್ಕೆ ಮುಗಿಸಿದ್ರು, ಫಿಷರ್ ಹೋಗಿದ್ದು 1950ರಲ್ಲಿ, ಅಂದ್ರೆ ಅವರ ಭಾಗದ ಕಾಪಿರೈಟ್ 2010ರ ಕೊನೆಗೆ ಮುಗೀತು. ಸಲ್ಡಾನಾ ಮತ್ತು ನಿಕೋಲ್ಸನ್ ಅವರ ಹಾಸನ ಫ್ಲೋರಾ ಬಂದಿದ್ದು 1976ರಲ್ಲಿ, ಸಲ್ಡಾನಾ ಅವರ ಕರ್ನಾಟಕ ಫ್ಲೋರಾ ಮೊದಲ ಸಂಪುಟ 1984, ಎರಡನೇದು 1996. ಅಚ್ಚಿನಲ್ಲಿ ಇಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗಲ್ಲ. ಸ್ವಂತ ಓದಿಗೆ, ಸಂಶೋಧನೆಗೆ ಅಂತ ಬೇಕಾದಷ್ಟು ಭಾಗ ನಕಲು ತಗೊಳ್ಳೋಕೆ ಕಾಯಿದೆಯ 52ನೇ ಸೆಕ್ಷನ್ ಅವಕಾಶ ಕೊಡತ್ತೆ, ಪೂರ್ತಿ ಪುಸ್ತಕ ಅಂದ್ರೆ ಬೇರೆ ಮಾತು. ಆದ್ರೆ ಅದೇ ಸೆಕ್ಷನ್‌ನಲ್ಲಿ ಬಹಳ ಜನ ಲೈಬ್ರರಿಯನ್ನರೂ ಗಮನಿಸದ ಒಂದು ಅನುಕೂಲ ಇದೆ. ಭಾರತದಲ್ಲಿ ಮಾರಾಟಕ್ಕೆ ಸಿಗದೇ ಇರೋ ಪುಸ್ತಕವಾದ್ರೆ ಲಾಭಕ್ಕಲ್ಲದ ಸಾರ್ವಜನಿಕ ಲೈಬ್ರರಿ ತನ್ನ ಬಳಕೆಗೆ ಮೂರು ಪ್ರತಿ ತನಕ ಮಾಡಿಸ್ಕೋಬಹುದು. ನಿಮ್ಮ ಊರಿನ ಲೈಬ್ರರಿಗೆ ಒಂದು ಅರ್ಜಿ ಕೊಟ್ಟು ಈ ಪುಸ್ತಕ ತರಿಸಿ ಅಂತ ಕೇಳಿ, ನಿಮಗೊಬ್ಬರಿಗೇ ಅಲ್ಲದೆ ತಾಲ್ಲೂಕಿಗೇ ಉಪಯೋಗ ಆಗತ್ತೆ.

ನೋಡೋಕೆ ಅಂತಾದ್ರೆ ಹಳೇ ವಿಶ್ವವಿದ್ಯಾಲಯಗಳ ಬಾಟನಿ ವಿಭಾಗ, ಬೆಂಗಳೂರಿನ ಜಿಕೆವಿಕೆ, ಐಐಎಸ್ಸಿ ಇಂಥ ಕಡೆ ಮೊದಲು ವಿಚಾರಿಸಿ. ಹೊರಗಿನವರನ್ನ ಬಿಡಲ್ಲ ಅಂತ ನೀವೇ ತೀರ್ಮಾನ ಮಾಡ್ಕೋಬೇಡಿ, ಯಾವ ಪುಸ್ತಕ, ಯಾಕೆ, ಯಾವ ದಿನ ಅಂತ ಮುಂಚೆನೇ ಕಾಗದ ಬರೆದ್ರೆ ಬಹಳ ಕಡೆ ಕೂತು ಓದೋಕೆ ಬಿಡ್ತಾರೆ. ಯಾವ ವಿಶ್ವವಿದ್ಯಾಲಯದಲ್ಲಿ ಪ್ರತಿ ಇದೆ ಅಂತ ಮನೆಯಲ್ಲೇ ಕೂತು ಇಂಡ್‌ಕ್ಯಾಟ್ ಅನ್ನೋ ವಿಶ್ವವಿದ್ಯಾಲಯ ಲೈಬ್ರರಿಗಳ ಆನ್‌ಲೈನ್ ಪಟ್ಟಿಯಲ್ಲಿ ನೋಡಬಹುದು, ನಿಮ್ಮ ಮಕ್ಕಳು ಓದೋ ಕಾಲೇಜು ಡೆಲ್ನೆಟ್ ಅನ್ನೋ ಲೈಬ್ರರಿ ಜಾಲದ ಸದಸ್ಯ ಆಗಿದ್ರೆ ಬೇರೆ ಲೈಬ್ರರಿಯಿಂದ ಎರವಲು ತರಿಸೋ ದಾರಿನೂ ಇದೆ. ಅಲ್ಲಿತನಕ ಐಐಎಸ್ಸಿ ಹರ್ಬೇರಿಯಂನವರ (ಒಣಗಿಸಿದ ಗಿಡಗಳ ಸಂಗ್ರಹ ಇಟ್ಟಿರೋರು) ಫ್ಲೋರಾ ಆಫ್ ಪೆನಿನ್ಸುಲರ್ ಇಂಡಿಯಾ ವೆಬ್‌ಸೈಟ್ ಬಳಸಿ, ಫೋಟೋ ಸಮೇತ ಇದೆ, ಒಂದು ಪೈಸೆ ಇಲ್ಲ.

ಚಿಕ್ಕಮಗಳೂರು ಕಡೆಯಿಂದ ಬರೆದವರಿಗೂ ಇದೇ ಉತ್ತರ. ನಿಮ್ಮ ಜಿಲ್ಲೆಗೆ ಯೋಗನರಸಿಂಹನ್, ಸುಬ್ರಹ್ಮಣ್ಯಂ, ರಾಜಿ ಸೇರಿ ಮಾಡಿದ 1981ರ ಫ್ಲೋರಾ ಇದೆ. ಉಡುಪಿಗೆ ಗೋಪಾಲಕೃಷ್ಣ ಭಟ್ಟರದ್ದು, 2003ರದ್ದು. ಇಂಥ ಜಿಲ್ಲಾ ಪುಸ್ತಕಗಳನ್ನ ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ಹುಡುಕೋದಕ್ಕಿಂತ ಪ್ರಕಾಶಕರನ್ನೇ ನೇರ ಕೇಳೋದು ವಾಸಿ, ಎಷ್ಟೋ ಸಲ ಗೋಡೌನ್‌ನಲ್ಲಿ ಹಳೇ ಬೆಲೆಯ ಪ್ರತಿ ಉಳಿದಿರತ್ತೆ.

ಪ್ರಶ್ನೆ: ಆಯುರ್ವೇದ ಓದ್ತಿದ್ದೀನಿ. ಕೀರ್ತಿಕರ್ ಮತ್ತು ಬಸು ಅವರ ಔಷಧಿ ಸಸ್ಯಗಳ ಪುಸ್ತಕ ವಿದೇಶಿ ಸೈಟ್‌ನಲ್ಲಿ ತುಂಬಾ ದುಬಾರಿ.

ವಿದೇಶದಿಂದ ತರಿಸೋದೇ ಬೇಡ. ಅದು ನಮ್ಮ ದೇಶದಲ್ಲೇ ಎಷ್ಟೋ ಸಲ ಮರುಮುದ್ರಣ ಆಗಿದೆ. ಬರಹದ ಸಂಪುಟ ಬೇರೆ, ಚಿತ್ರದ ಸಂಪುಟ ಬೇರೆ ಅನ್ನೋದು ಗಮನ ಇರಲಿ, ಕಡಿಮೆ ಬೆಲೆ ಹೇಳ್ತಿದ್ದಾರೆ ಅಂದ್ರೆ ಚಿತ್ರದ್ದು ಸೇರಿದೆಯಾ ಅಂತ ಕೇಳಿ ತಗೊಳ್ಳಿ.

ಪ್ರಶ್ನೆ: ಹಳೇ ಪುಸ್ತಕದ ಅಂಗಡಿಗಳಲ್ಲಿ ಬಾಟನಿ ಅಂತ ಕೇಳಿದ್ರೆ ಪಿಯುಸಿ ಗೈಡ್ ತಂದು ಕೊಡ್ತಾರೆ. ಹೇಗೆ ಕೇಳಬೇಕು? (ಬೆಂಗಳೂರು)

ಬಾಟನಿ ಅಂತ ಕೇಳಲೇಬೇಡಿ. ಅವೆನ್ಯೂ ರೋಡ್ ಆಗ್ಲಿ, ಚರ್ಚ್ ಸ್ಟ್ರೀಟ್ ಸುತ್ತಮುತ್ತ ಆಗ್ಲಿ, ಇಂಥ ಪುಸ್ತಕ ಕೂತಿರೋದು ಕೃಷಿ, ಅರಣ್ಯ, ಆಯುರ್ವೇದ, ಕೆಲವು ಸಲ ಇತಿಹಾಸದ ರ‍್ಯಾಕಲ್ಲಿ, ಯಾಕಂದ್ರೆ ಪ್ರೆಸಿಡೆನ್ಸಿ ಅನ್ನೋ ಪದ ನೋಡಿ ಗೆಜೆಟಿಯರ್ ಜೊತೆ ಇಟ್ಟಿರ್ತಾರೆ. ಬೇಕಾದ ಪುಸ್ತಕದ ಟೈಟಲ್ ಪುಟದ ಫೋಟೋ ಮೊಬೈಲ್‌ನಲ್ಲಿ ಇಟ್ಕೊಂಡು ತೋರಿಸಿ, ಬಾಯಲ್ಲಿ ಹೇಳಿದ್ದಕ್ಕಿಂತ ಬೇಗ ಗೊತ್ತಾಗತ್ತೆ. ನಂಬರ್ ಕೊಟ್ಟು ಬನ್ನಿ, ನಿವೃತ್ತ ಪ್ರೊಫೆಸರ್ ಮನೆ ಖಾಲಿ ಮಾಡಿದಾಗ, ಹಳೇ ಲೈಬ್ರರಿ ಪುಸ್ತಕ ವಿಲೇವಾರಿ ಮಾಡಿದಾಗ ಒಟ್ಟೊಟ್ಟಿಗೆ ಬರತ್ತೆ, ಆವಾಗ ಅಂಗಡಿಯವರು ನಿಮ್ಮನ್ನ ನೆನಪಿಸ್ಕೋಬೇಕು.

ಬಿಡಿ ಸಂಪುಟ ಸಿಕ್ಕಿದ್ರೆ ಬಿಡಬೇಡಿ. ಸೆಟ್ ಒಡೆದಿದೆ ಅಂತ ಅಂಗಡಿಯವರು ಬೆಲೆ ಇಳಿಸಿರ್ತಾರೆ, ಅಪರೂಪದ ಪುಸ್ತಕ ಸಂಗ್ರಹಿಸೋರು ಮುಟ್ಟಲ್ಲ, ನಮಗೇನು, ಹುಲ್ಲು ನೋಡೋರಿಗೆ ಹುಲ್ಲಿನ ಕುಟುಂಬ ಇರೋ ಕೊನೇ ಸಂಪುಟ ಇದ್ರೆ ಸಾಕು. ಆದ್ರೆ ಲೈಬ್ರರಿ ಸೀಲ್ ಇದ್ದು ರದ್ದು ಮಾಡಿದ ಸೀಲ್ ಇಲ್ಲ ಅಂದ್ರೆ, ಎಷ್ಟೇ ಅಗ್ಗ ಆದ್ರೂ ತಗೋಬೇಡಿ, ಆ ಲೈಬ್ರರಿಗೆ ಒಂದು ಫೋನ್ ಮಾಡಿ ಹೇಳಿ. ಯಾರೋ ಎತ್ಕೊಂಡು ಬಂದು ಮಾರಿರಬಹುದು, ಆ ಪ್ರತಿಗೆ ಕಾಯ್ತಿರೋ ವಿದ್ಯಾರ್ಥಿ ಅಲ್ಲಿ ಇರ್ತಾರೆ.

ಬೇರೆ ಊರಿಂದ ತರಿಸೋರು ಕೊರಿಯರ್ ಬೆಲೆ ಕೇಳಿ ಗಾಬರಿ ಆಗೋದು ಬೇಡ, ಅಂಚೆ ಇಲಾಖೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಶುರು ಮಾಡಿದೆ, 300 ಗ್ರಾಂವರೆಗೆ 20 ರೂಪಾಯಿ, ಹಾಗೇ ಏರ್ತಾ 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ಮಾರೋರಿಗೆ ಅದರಲ್ಲೇ ಕಳ್ಸಿ ಅಂತ ಹೇಳಿ. ವಿದೇಶದ ಪುಸ್ತಕ ಅಬೆಬುಕ್ಸ್‌ನಂಥ ಸೈಟ್‌ನಲ್ಲಿ ನೋಡೋದಾದ್ರೆ ಲೇಖಕರ ಕೊನೇ ಹೆಸರು ಮಾತ್ರ ಹಾಕಿ ಹುಡುಕಿ, ಟೈಟಲ್ ಬೇರೆ ಬೇರೆ ತರ ಬರೆದಿರ್ತಾರೆ. ಬರ್ತಿರೋ ನೆಂಟರ ಸೂಟ್‌ಕೇಸಲ್ಲಿ ಜಾಗ ಇದ್ರೆ ಅವರ ವಿಳಾಸಕ್ಕೇ ತರಿಸಿಡಿ, ಪುಸ್ತಕದಷ್ಟೇ ದುಡ್ಡು ಸಾಗಾಣಿಕೆಗೆ ಹೋಗೋದು ತಪ್ಪತ್ತೆ.

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೀವಿ. ಅಪ್ಪ ಬಾಟನಿ ಮೇಷ್ಟ್ರಾಗಿದ್ರು, ಹೋದ ವರ್ಷ ತೀರಿಕೊಂಡ್ರು. ಮೈಸೂರಿನ ಮನೆ ಖಾಲಿ ಮಾಡಬೇಕು, ಎರಡು ಬೀರು ತುಂಬಾ ಪುಸ್ತಕ ಇದೆ. ಏನು ಮಾಡೋದು?

ಈ ಪತ್ರ ಬರೆದಿದ್ದಕ್ಕೆ ನಿಮಗೆ ತುಂಬಾ ಥ್ಯಾಂಕ್ಸ್. ಮೇಲೆ ಕೇಳಿರೋರೆಲ್ಲ ಹುಡುಕ್ತಿರೋ ಪುಸ್ತಕಗಳು ಇರೋದೇ ಇಂಥ ಬೀರುಗಳಲ್ಲಿ, ಮನೆ ಖಾಲಿ ಮಾಡೋ ಅವಸರದಲ್ಲಿ ತೂಕಕ್ಕೆ ಹೋಗಿಬಿಡತ್ತೆ. ದಯವಿಟ್ಟು ರದ್ದಿಯವರನ್ನ ಈಗಲೇ ಕರೀಬೇಡಿ. ಊರಲ್ಲಿರೋ ಯಾರಾದ್ರೂ ಅಣ್ಣತಮ್ಮಂದಿರಿಗೆ ಹೇಳಿ ಪ್ರತಿ ಅರೆಯ ಫೋಟೋ ತೆಗೆಸಿ, ಬೆನ್ನ ಮೇಲಿನ ಅಕ್ಷರ ಓದೋಹಾಗೆ. ಅಷ್ಟಿದ್ರೆ ಪಟ್ಟಿ ನೀವು ಅಲ್ಲಿಂದಲೇ ಮಾಡಬಹುದು.

ಆ ಪಟ್ಟಿನ ಮೊದಲು ನಿಮ್ಮ ತಂದೆ ಪಾಠ ಮಾಡಿದ ಕಾಲೇಜಿನ ಬಾಟನಿ ವಿಭಾಗಕ್ಕೆ ಕಳ್ಸಿ, ಆಮೇಲೆ ಹತ್ತಿರದ ಸರ್ಕಾರಿ ಡಿಗ್ರಿ ಕಾಲೇಜುಗಳಿಗೆ. ದೊಡ್ಡ ಸಂಸ್ಥೆಗಳಲ್ಲಿ ಗ್ಯಾಂಬಲ್ ಇದ್ದೇ ಇರತ್ತೆ, ಸಣ್ಣ ಊರಿನ ಕಾಲೇಜಲ್ಲಿ ಇರಲ್ಲ. ಕೊಡುವಾಗ ಇದನ್ನ ರೆಫರೆನ್ಸ್‌ಗೆ ಇಟ್ಟು ಹೊರಗಿನ ಓದುಗರಿಗೂ ತೋರಿಸಬೇಕು ಅಂತ ಕಾಗದದಲ್ಲಿ ಬರೆಸ್ಕೊಳ್ಳಿ. ಕಾಪಿರೈಟ್ ಮುಗಿದ ಅಪರೂಪದ್ದು, ಅದರಲ್ಲೂ ಹಳೇ ಕನ್ನಡ ಕೃಷಿ, ತೋಟಗಾರಿಕೆ, ಗಿಡಮೂಲಿಕೆ ಪುಸ್ತಕಗಳು ಏನಾದ್ರೂ ಇದ್ರೆ ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಹಾಕೋ ಸರ್ವೆಂಟ್ಸ್ ಆಫ್ ನಾಲೆಡ್ಜ್ ತಂಡದವರನ್ನ ಕೇಳಿ.

ಯಾರಿಗೇ ಕೊಡೋ ಮುಂಚೆ ಪ್ರತಿ ಪುಸ್ತಕವನ್ನೂ ಒಂದು ಸಲ ಬಿಡಿಸಿ ನೋಡಿ. ಬಾಟನಿ ಮೇಷ್ಟ್ರ ಪುಸ್ತಕದಲ್ಲಿ ಒಣಗಿದ ಗಿಡ ಇಟ್ಟಿರೋ ಸಾಧ್ಯತೆ ಜಾಸ್ತಿ, ಪಕ್ಕದಲ್ಲಿ ಚೀಟಿ ಇದ್ದು ಅದರಲ್ಲಿ ಊರು, ತಾರೀಖು ಇದ್ರೆ ಅದು ಹರ್ಬೇರಿಯಂಗೆ ಬೇಕಾದ ವಸ್ತು, ಕಸ ಅಂತ ಕೊಡವಬೇಡಿ. ಯಾವ ಪುಟದಲ್ಲಿತ್ತು ಅಂತ ಬರೆದು, ಗಿಡ ಮತ್ತು ಚೀಟಿ ಎರಡನ್ನೂ ಒಂದೇ ಪೇಪರ್ ಮಡಿಕೆಯಲ್ಲಿ ಇಡಿ. ಅಂಚಿನಲ್ಲಿ ನಿಮ್ಮ ತಂದೆ ಕನ್ನಡದಲ್ಲಿ ಹಳ್ಳಿ ಹೆಸರು, ಗಿಡದ ಹೆಸರು ಬರೆದಿದ್ರೆ ಆ ಪುಟಗಳ ಫೋಟೋ ತೆಗೆದು ನೀವೂ ಇಟ್ಕೊಳ್ಳಿ, ಪುಸ್ತಕದ ಜೊತೆನೂ ಕೊಡಿ. ಅಚ್ಚಾದ ಫ್ಲೋರಾ ಎಲ್ಲಾದ್ರೂ ಇನ್ನೊಂದು ಪ್ರತಿ ಸಿಗಬಹುದು, ಅವರ ಕೈಬರಹದ್ದು ಅದೊಂದೇ ಇರೋದು. ಪಟ್ಟಿ ಸಿದ್ಧ ಆದ್ಮೇಲೆ ನಮಗೂ ಒಂದು ಪ್ರತಿ ಕಳ್ಸಿ, ಸಕಲೇಶಪುರದವರು ಹಾಸನದ ಫ್ಲೋರಾ ಕೇಳ್ತಾ ಇದ್ದಾರಲ್ಲ, ಅದೇನಾದ್ರೂ ಬೀರುನಲ್ಲಿದ್ರೆ ಅವರ ಊರಿನ ಲೈಬ್ರರಿಗೆ ತಲುಪಿಸೋ ಕೆಲಸ ನಾವು ಮಾಡ್ತೀವಿ.